ಏಳು ಬೆರಳು

ನನ್ನ ಬಾಯಿ ಮುಚ್ಚಿಸಲು ಇಪ್ಪತ್ತಾರು ವರ್ಷಗಳಲ್ಲಿ ಬಹಳ ಜನ ಪ್ರಯತ್ನಪಟ್ಟಿದ್ದರು. ಗೆದ್ದಿದ್ದು ಡಾಕ್ಟರ್ ರಾಗಿಣಿ ಒಬ್ಬರೇ. ಅದೂ ಒಂದು ಉಂಡೆ ಹತ್ತಿಯಿಂದ.

"ರಕ್ಷಾ, ಒಂದು ಗಂಟೆ ಗಟ್ಟಿಯಾಗಿ ಕಚ್ಕೊಂಡಿರಿ. ಉಗುಳ್ಬೇಡಿ, ಮಾತಾಡ್ಬೇಡಿ. ಮಾತಾಡಿದ್ರೆ ರಕ್ತ ನಿಲ್ಲಲ್ಲ."

ನಾನು ತಲೆಯಾಡಿಸಿದೆ. ಮಾತೇ ನನ್ನ ಕೆಲಸ. ರಾಜಾಜಿನಗರದ ಒಂದು ಪುಟ್ಟ ಸ್ಟುಡಿಯೋದಲ್ಲಿ ಜಾಹೀರಾತುಗಳಿಗೆ ದನಿ ಕೊಡುತ್ತೇನೆ. ಸೋಪು, ಸೀರೆ, ಸಿಮೆಂಟು, ಯಾವುದಾದರೂ ಸರಿ. ಅಂಥವಳಿಗೆ ಒಂದು ಗಂಟೆ ಮೌನ ಎಂದರೆ ಹಲ್ಲು ಕಿತ್ತಿದ್ದಕ್ಕಿಂತ ದೊಡ್ಡ ಶಿಕ್ಷೆ.

ಕೆಂಗೇರಿ ದಾರಿಯ ಆ ಡೆಂಟಲ್ ಕಾಲೇಜಿನ ವಿಶ್ರಾಂತಿ ಕೋಣೆಯಲ್ಲಿ ನೀಲಿ ರೆಕ್ಸಿನ್ನಿನ ಎರಡು ಕುರ್ಚಿಗಳಿದ್ದವು. ಒಂದರಲ್ಲಿ ನಾನು. ನನ್ನ ಎಡಗೆನ್ನೆ ನನ್ನದೋ ಪಕ್ಕದ ಮನೆಯವರದೋ ಗೊತ್ತಾಗುತ್ತಿರಲಿಲ್ಲ. ಇನ್ನೊಂದರಲ್ಲಿ ಒಬ್ಬ ಹುಡುಗ. ಬಾಗಿಲಿನಷ್ಟು ಅಗಲದ ಭುಜ, ಟ್ರ್ಯಾಕ್ ಪ್ಯಾಂಟು, ಮೊಣಕೈಯಲ್ಲಿ ಹಳೆಯ ಗಾಯದ ಗುರುತು. ಅವನ ಬಾಯಲ್ಲೂ ಹತ್ತಿ. ಅವನು ನನ್ನನ್ನೇ ನೋಡುತ್ತಿದ್ದ.

ನಾನು ಹುಬ್ಬು ಹಾರಿಸಿದೆ, ಏನು ಎನ್ನುವಂತೆ.

ಅವನು ಫೋನ್ ತೆಗೆದು ಏನೋ ಟೈಪ್ ಮಾಡಿ, ಪರದೆಯನ್ನು ನನ್ನ ಕಡೆ ತಿರುಗಿಸಿದ. *ಅಳ್ತಾ ಇದೀರಾ?*

ನಾನೂ ಫೋನ್ ತೆಗೆದೆ. ಟೈಪಿಂಗಿನಲ್ಲಿ ನನ್ನನ್ನು ಮೀರಿಸುವವರಿಲ್ಲ. *ಇಲ್ಲ. ಇಂಜೆಕ್ಷನ್‌ಗೆ ಎಡಗಣ್ಣು ಮರಗಟ್ಟಿದೆ. ಅದಕ್ಕೆ ಸೋರ್ತಾ ಇದೆ.*

ಅವನು ಓದಿದ. ಯೋಚಿಸಿದ. ಮತ್ತೆ ಟೈಪ್ ಮಾಡಿದ. *ನನಗೂ ಹಾಗೇ ಆಗಿದೆ. ಆದ್ರೆ ಎರಡೂ ಕಣ್ಣು.*

ನಗಬಾರದಿತ್ತು. ನಕ್ಕೆ. ಹೊಲಿಗೆ ಜಗ್ಗಿತು. ನೋವಾಗುತ್ತದೆಂದು ಗೊತ್ತಿದ್ದೂ ಒಬ್ಬ ಅಪರಿಚಿತನ ಮಾತಿಗೆ ನಕ್ಕಿದ್ದು ಅದೇ ಮೊದಲು.

*ಪ್ಯಾಚಾ, ಮಾತ್ರೆನಾ?* ಎಂದು ಅವನ ಮುಂದಿನ ಪ್ರಶ್ನೆ ಬಂತು.

ನಾವಿಬ್ಬರೂ ಡಾಕ್ಟರ್ ರಾಗಿಣಿಯವರ ಥೀಸಿಸ್‌ಗೆ ಒಪ್ಪಿ ಸಹಿ ಹಾಕಿದವರು. ಕೆಳದವಡೆಯ ಎರಡೂ ಕಡೆ ಬುದ್ಧಿಹಲ್ಲು ಅಡ್ಡಾದಿಡ್ಡಿ ಬೆಳೆದವರೇ ಆ ಥೀಸಿಸ್‌ಗೆ ಬೇಕಾಗಿದ್ದರು. ಮೊದಲು ಒಂದು ಕಡೆ ಕೀಳುತ್ತಾರೆ, ಮೂರು ವಾರ ಬಿಟ್ಟು ಇನ್ನೊಂದು ಕಡೆ. ಒಂದು ಸಲ ನೋವಿಗೆ ಮಾತ್ರೆ, ಇನ್ನೊಂದು ಸಲ ತೋಳಿಗೆ ಅಂಟಿಸುವ ಪ್ಯಾಚು. ಮೊದಲು ಯಾವುದು ಎಂದು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಎರಡರಲ್ಲಿರುವುದೂ ಒಂದೇ ಔಷಧಿ, ಒಳಗೆ ಹೋಗುವ ದಾರಿ ಮಾತ್ರ ಬೇರೆ.

ನಾನು ಚೂಡಿದಾರದ ತೋಳನ್ನು ಮೇಲಕ್ಕೆ ಸರಿಸಿ ತೋರಿಸಿದೆ. ಬಸ್ ಟಿಕೆಟ್ಟಿನ ಗಾತ್ರದ, ಚರ್ಮದ ಬಣ್ಣದ ಪ್ಯಾಚು. ಅವನು ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಗಿಲಕಿಯಂತೆ ಅಲ್ಲಾಡಿಸಿದ.

*ಸ್ಟಿಕರ್ ಅಂಟಿಸಿದ್ರೆ ಹಲ್ಲುನೋವು ಹೋಗುತ್ತಾ? ತೋಳಿಗೂ ಹಲ್ಲಿಗೂ ಏನ್ರೀ ಸಂಬಂಧ?*

*ಮಾತ್ರೆ ಹೊಟ್ಟೆಗೆ ಹೋಗುತ್ತೆ. ನಿಮ್ಗೆ ಹೊಟ್ಟೇಲಿ ಹಲ್ಲಿದ್ಯಾ?*

ಅವನ ಕಣ್ಣು ಅಗಲವಾಯಿತು. ಬಾಯಿ ಬಿಡಲಾಗದವರ ನಗುವೆಲ್ಲ ಕಣ್ಣಿಗೇ ಬರುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು. ಮೊದಲು ಕಣ್ಣಿನ ಮೂಲೆ ಮಡಚಿಕೊಂಡಿತು, ಆಮೇಲೆ ರೆಪ್ಪೆ ಕೆಳಗಿಳಿಯಿತು, ಕೊನೆಗೆ ಕಪ್ಪು ಗುಡ್ಡೆಗಳು ನನ್ನ ಮುಖದ ಮೇಲೆ ಬಂದು ನಿಂತವು. ಸುಮ್ಮನೆ ನಿಂತವು.

ನಾನು ಗೋಡೆಯ ಗಡಿಯಾರ ನೋಡಿದೆ. ಇನ್ನೂ ನಲವತ್ತೈದು ನಿಮಿಷವಿತ್ತು. ಯಾಕೋ ಅದು ಕಡಿಮೆ ಎನಿಸಿತು.

ಹೆಸರು ಗೌತಮ್ ಎಂದ. ಮನೆ ಶ್ರೀಗಂಧದ ಕಾವಲ್. ವಿಜಯನಗರದ ಒಂದು ಸ್ಕೂಲಿನಲ್ಲಿ ಕಬಡ್ಡಿ ಕೋಚ್. ಎಲ್ಲವೂ ಪರದೆಯ ಮೇಲೆ, ಒಂದೊಂದೇ ಸಾಲು.

ಹೊರಡುವ ಮುಂಚೆ ಡಾಕ್ಟರ್ ರಾಗಿಣಿ ಇಬ್ಬರಿಗೂ ಒಂದು ಶೀಟ್, ಒಂದು ಬಿಳಿ ಕವರ್ ಕೊಟ್ಟರು. ಶೀಟಿನಲ್ಲಿ ಹತ್ತು ಸೆಂಟಿಮೀಟರಿನ ಗೆರೆಗಳು. ಒಂದು ತುದಿಯಲ್ಲಿ 'ನೋವಿಲ್ಲ', ಇನ್ನೊಂದು ತುದಿಯಲ್ಲಿ 'ತಡೆಯಲಾರದಷ್ಟು'.

"ಎರಡು ಗಂಟೆಗೊಂದ್ಸಲ ಎಷ್ಟಿದೆಯೋ ಅಷ್ಟಕ್ಕೆ ಗುರುತು ಹಾಕಿ. ಪ್ಯಾಚು ಕೆಲಸ ಶುರು ಮಾಡೋದು ಸ್ವಲ್ಪ ನಿಧಾನ, ಹೆದರ್ಬೇಡಿ. ಕವರಲ್ಲಿ ಬೇರೆ ಮಾತ್ರೆ ಇದೆ, ಎಮರ್ಜೆನ್ಸಿಗೆ. ತಡ್ಕೊಳೋಕಾಗ್ದೇ ಇದ್ರೆ ಮಾತ್ರ ತಗೊಳಿ, ಎಷ್ಟು ಗಂಟೆಗೆ ಅಂತ ಬರೀರಿ. ತಗೊಂಡ್ರೆ ಅವಮಾನ ಏನಿಲ್ಲ, ಗೊತ್ತಾಯ್ತಾ?"

ಗೊತ್ತಾಯಿತು ಎಂದು ತಲೆಯಾಡಿಸಿದೆವು. ಅವರು ಆ ಕಡೆ ತಿರುಗಿದ ಕೂಡಲೇ ಗೌತಮ್ ಫೋನ್ ತೋರಿಸಿದ. *ಯಾರು ಮೊದಲು ಕವರ್ ಒಡೀತಾರೋ ಅವರು ಸೋತ ಹಾಗೆ. ಕುಲ್ಫಿ ಕೊಡಿಸ್ಬೇಕು.*

*ಆಯ್ತು. ಕಬಡ್ಡಿ ಅನ್ನೋ ಜಂಬ ಇಳಿಸ್ತೀನಿ,* ಎಂದು ಬರೆದು, ಕೆಳಗೆ ನನ್ನ ನಂಬರ್ ಹಾಕಿದೆ. ಪಂದ್ಯ ಎಂದಮೇಲೆ ಸ್ಕೋರ್ ತಿಳಿಯಬೇಕಲ್ಲ!

* * *

ಬಸವೇಶ್ವರನಗರದ ಮನೆ ತಲುಪುವ ಹೊತ್ತಿಗೆ ಇಂಜೆಕ್ಷನ್ ಇಳಿಯಿತು. ನೋವು ಹೇಗಿತ್ತೆಂದರೆ, ದವಡೆಯೊಳಗೆ ಯಾರೋ ಬೋರ್‌ವೆಲ್ ಕೊರೆಯುತ್ತಿದ್ದಾರೆ, ನೀರು ಮಾತ್ರ ಬರುತ್ತಿಲ್ಲ. ಪ್ಯಾಚು ತೋಳಿನ ಮೇಲೆ ಹಾಯಾಗಿ ಮಲಗಿತ್ತು.

ಫೋನ್ ಮಿನುಗಿತು. *ಹೇಗಿದೀರಾ?*

*ಸೂಪರ್! ನೋವೇ ಇಲ್ಲ. ನಿಮ್ಮದು?*

*ನಾನು ಪಾರ್ಕಲ್ಲಿ ವಾಕಿಂಗ್ ಮಾಡ್ತಾ ಇದೀನಿ.*

ನಾನು ದಿಂಬನ್ನು ಕಚ್ಚಲಾಗದೆ ಹಿಸುಕುತ್ತಿದ್ದೆ. ಶೀಟ್ ತೆಗೆದು ಏಳರ ಹತ್ತಿರ ಪೆನ್ ಇಟ್ಟೆ. ಕೈ ನಿಂತಿತು. ಅವನು ಪಾರ್ಕಲ್ಲಿ ವಾಕಿಂಗ್ ಮಾಡುತ್ತಿರುವಾಗ ನಾನು ಏಳು ಎನ್ನುವುದೇ? ಪೆನ್ ಹಿಂದಕ್ಕೆ ಸರಿಯಿತು. ಎರಡಕ್ಕೆ ಗುರುತು ಹಾಕಿದೆ. ನಮ್ಮ ಮನೆಯಲ್ಲಿ ಬೆಳೆದವರಿಗೆ ಇದು ಕಷ್ಟವಲ್ಲ. 'ಹಲ್ಲು ಕಚ್ಚಿ ತಡ್ಕೋಬೇಕು ಕಣೇ' ಎಂಬುದು ಅಮ್ಮನ ಮಂತ್ರ. ಕಚ್ಚಲು ಹಲ್ಲೇ ಇಲ್ಲದ ದಿನವೂ ಅದು ನನ್ನನ್ನು ಬಿಡಲಿಲ್ಲ.

ಸಂಜೆಯ ಹೊತ್ತಿಗೆ ಪ್ಯಾಚು ಎಚ್ಚರವಾಯಿತು. ಬೋರ್‌ವೆಲ್ ಗಾಡಿ ಸ್ವಲ್ಪ ದೂರ ಹೋಗಿ ನಿಂತಿತು. ಹೊಟ್ಟೆ ಉರಿಯಲಿಲ್ಲ, ಅಂಬಲಿ ಇಳಿಯಿತು. ಅಷ್ಟರಲ್ಲಿ ಅಮ್ಮ ಬಂದು ಮಂಚದ ತುದಿಯಲ್ಲಿ ಕೂತಳು. ಜಗದಾಂಬಾ ಎಂಬ ಹೆಸರಿಗೆ ತಕ್ಕಂತೆ ಅವಳು ಕೂತರೆ ಅಪ್ಪಣೆ ಕೊಡಲೆಂದೇ.

"ಭಾನುವಾರ ನಮ್ಮೂರ ಕಡೆಯಿಂದ, ಹರಿಹರದ ಲತಾ ಅವರು ಬರ್ತಾ ಇದಾರೆ. ಮಗ ಕಲ್ಮೇಶ್ ಜೊತೆ. ನಿನ್ನ ನೋಡೋಕೆ."

"ಅಮ್ಮಾ, ನನ್ ಮುಖ ನೋಡು!" ನನ್ನ ಮಾತು ಗಂಜಿಯಂತೆ ಹೊರಬಂತು.

"ಒಂದು ಕಡೆ ತಾನೆ ಊದಿರೋದು? ಆ ಕಡೆಗೆ ಕೂದಲು ಬಿಡು. ಅವರ ಟಿಕೆಟ್ ಆಗೋಗಿದೆ. ಮತ್ತೆ, ಹಲ್ಲು ಕಿತ್ಸಿದ ವಿಷ್ಯ ಎತ್ಬೇಡ. ಆಪರೇಷನ್ ಅನ್ನೋ ಪದ ಅಂತೂ ಬಾಯಲ್ಲೇ ಬರ್ಬಾರ್ದು."

"ಹಲ್ಲು ಕಣಮ್ಮ ಇದು. ಕಿಡ್ನಿ ಅಲ್ಲ."

"ಇವತ್ತು ಹಲ್ಲು ಅಂತೀಯ, ಅವರು ಊರಿಗೆ ಹೋಗೋಷ್ಟ್ರಲ್ಲಿ ಅದು ದವಡೆ ಆಗಿರುತ್ತೆ."

ಹೆಣ್ಣು ನೋಡಲು ಬರುವ ವಾರ ನಮ್ಮ ಮನೆಗಳಲ್ಲಿ ಯಾರಿಗೂ ಕಾಯಿಲೆ ಇರುವುದಿಲ್ಲ. ಚಿಕ್ಕಮ್ಮನ ಕನ್ನಡಕವನ್ನು ಬೀರುವಿನಲ್ಲಿಟ್ಟು ಕಾಫಿ ಕೊಡಲು ಕಳಿಸಿದ್ದರಂತೆ. ಅವಳು ನಾಚಿಕೊಂಡು ನಾಚಿಕೊಂಡು ಹುಡುಗನ ಡ್ರೈವರಿಗೆ ಕಾಫಿ ಕೊಟ್ಟಿದ್ದಳು. ಅದನ್ನು ಹೇಳಿಕೊಂಡು ಎಲ್ಲರೂ ಇವತ್ತಿಗೂ ನಗುತ್ತಾರೆ. ಚಿಕ್ಕಮ್ಮ ನಕ್ಕಿದ್ದನ್ನು ಮಾತ್ರ ನಾನು ನೋಡಿಲ್ಲ.

ಶನಿವಾರ ಗೌತಮ್ ಒಂದು ವಾಯ್ಸ್ ಮೆಸೇಜ್ ಕಳಿಸಿದ. ಅವನ ದನಿ ಕೇಳಿದ್ದು ಅದೇ ಮೊದಲು. ಊದಿದ ಕೆನ್ನೆಯ ಹಿಂದಿನಿಂದ, ಬಾಯಲ್ಲಿ ಬೋಂಡಾ ಇಟ್ಟುಕೊಂಡವನಂತೆ ಮಾತು. "ಏನ್ರೀ, ನಿಮ್ಮ ಸ್ಟೇಟಸ್ ಈಗ ಕೇಳ್ದೆ. ಆ ಸೀರೆ ಅಂಗಡಿ ಜಾಹೀರಾತು ನಿಮ್ದಾ? ನಮ್ಮಜ್ಜಿ ಲಿಂಗಮ್ಮ ಅದು ಬಂದಾಗೆಲ್ಲಾ ಟಿವಿಗೆ ಉತ್ತರ ಕೊಡ್ತಾರೆ. ನೀವು 'ಬನ್ನಿ' ಅಂದ್ರೆ ಅಜ್ಜಿ 'ಬರ್ತೀನಿ ಇರವ್ವ, ಮಂಡಿನೋವು' ಅಂತಾರೆ."

ಅದನ್ನು ನಾನು ಒಂಬತ್ತು ಸಲ ಕೇಳಿದೆ. ನೋವಿನ ಶೀಟಿನಲ್ಲಿ ಇದಕ್ಕೂ ಒಂದು ಗೆರೆ ಇರಬೇಕಿತ್ತು.

ಆಮೇಲೆ ಬರೆದೆ. *ನಾಳೆ ನನ್ನನ್ನ ನೋಡೋಕೆ ಬರ್ತಿದಾರೆ.*

ಟೈಪಿಂಗ್ ಎಂದು ತೋರಿಸಿತು. ನಿಂತಿತು. ಮತ್ತೆ ಟೈಪಿಂಗ್. ಮತ್ತೆ ನಿಂತಿತು. ಕೊನೆಗೆ ಬಂದಿದ್ದು ಇಷ್ಟೇ. *ಆಲ್ ದ ಬೆಸ್ಟ್.*

ಫೋನನ್ನು ಮಂಚದ ಮೇಲೆ ಎಸೆದೆ. ಆಲ್ ದ ಬೆಸ್ಟಂತೆ! ಪರೀಕ್ಷೆಗೆ ಹೋಗ್ತಾ ಇದೀನಾ?

ಹತ್ತು ನಿಮಿಷ ಬಿಟ್ಟು ಇನ್ನೊಂದು ಬಂತು. *ಬೆಳಿಗ್ಗೆ ಪ್ಯಾಚ್ ಬದಲಾಯಿಸೋದು ಮರೀಬೇಡಿ. ನೋವಲ್ಲಿ ಕೂರಬೇಡಿ ಅವರ ಮುಂದೆ.*

* * *

ಭಾನುವಾರ ನನ್ನ ಎಡಗೆನ್ನೆ ಇನ್ನಷ್ಟು ಊದಿತ್ತು. ಅಮ್ಮ ಕೂದಲನ್ನು ಪರದೆಯಂತೆ ಇಳಿಬಿಟ್ಟಳು. ಸೀರೆಗೆ ಹೊಂದುವ ರವಿಕೆಯ ತೋಳು ಗಿಡ್ಡ. ಪ್ಯಾಚು ಅರ್ಧ ಇಣುಕುತ್ತಿತ್ತು.

"ಕಿತ್ತಾಕೇ ಅದನ್ನ, ಒಂದೆರಡು ಗಂಟೆ."

"ಆಗಲ್ಲ," ಎಂದೆ. "ಇದನ್ನ ಮುಟ್ಟಿದ್ರೆ ನಾನು ಹೊರಗೇ ಬರಲ್ಲ."

ಲತಾ ಆಂಟಿ ಪ್ರೀತಿಯ ಹೆಂಗಸು. ತಿನ್ನಿಸುವುದೇ ಅವರ ಪ್ರೀತಿ. ಊರಿನಿಂದ ಚೀಲದ ತುಂಬ ಮಂಡಕ್ಕಿ ತಂದಿದ್ದರು. ನಮ್ಮ ಅಡುಗೆಮನೆಗೇ ಹೋಗಿ ಮಿರ್ಚಿ ಬಜ್ಜಿ ಕರಿಸಿಕೊಂಡು ಬಂದರು.

"ತಿನ್ನವ್ವಾ ರಕ್ಷಾ. ದಾವಣಗೆರೆ ಕಡೆ ಹುಡುಗಿ ಮಿರ್ಚಿ ಬ್ಯಾಡ ಅಂದ್ರ ನಂಬಂಗಿಲ್ಲ ನಾನು."

ನಾನು ಅಮ್ಮನನ್ನು ನೋಡಿದೆ. ಅಮ್ಮನ ಕಣ್ಣು ಹೇಳಿತು: ತಿನ್ನು. ಅಪ್ಪನನ್ನು ನೋಡಿದೆ. ತಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಮೊಳೆಯ ಬಗ್ಗೆ ಅರ್ಧ ಗಂಟೆ ಮಾತಾಡುವ ಬಸವಕುಮಾರ್, ಅವತ್ತು ಟೀಪಾಯಿಯ ಕಾಲು ನೋಡುತ್ತಾ ಕೂತಿದ್ದರು.

ಬಲಗಡೆಯ ಹಲ್ಲಿನಿಂದ ಕಚ್ಚಿದೆ. ಮಂಡಕ್ಕಿಯ ಒಂದು ಕಾಳು, ಅದರ ಜೊತೆ ಮೆಣಸಿನಕಾಯಿಯ ಒಂದು ಬೀಜ, ನೆಟ್ಟಗೆ ಎಡಗಡೆ ಹೊಲಿಗೆಯ ಮೇಲೆ ಹೋಗಿ ಕೂತವು. ಕಿವಿಯವರೆಗೂ ಬೆಂಕಿ ಹತ್ತಿತು. ನಾನು ಮುಗುಳ್ನಕ್ಕೆ. ಆಮೇಲೆ ಪೂರ್ತಿ ನಕ್ಕೆ, ಕಣ್ಣೀರನ್ನು ನಗುವಿನದೆಂದು ತೋರಿಸಲು.

ಲತಾ ಆಂಟಿ ಪಕ್ಕಕ್ಕೆ ಸರಿದು ನನ್ನ ತೋಳು ಹಿಡಿದರು. "ಇದೇನವ್ವಾ ಇದು?"

"ಸೊಳ್ಳೆ ಪ್ಯಾಚು!" ಅಮ್ಮ ಅಡ್ಡ ಬಾಯಿ ಹಾಕಿದಳು. "ನಮ್ಮ ಏರಿಯಾದಲ್ಲಿ ಸೊಳ್ಳೆ ಜಾಸ್ತಿ ನೋಡಿ."

"ಸೊಳ್ಳೆ ಪ್ಯಾಚಿನ ಮ್ಯಾಲೆ ಗೊಂಬಿ ಚಿತ್ರ ಇರ್ತದಲ್ರೀ? ನನ್ನ ಮೊಮ್ಮಗನಿಗೆ ಹಚ್ತೀವಿ." ಅವರ ಹೆಬ್ಬೆರಳು ಪ್ಯಾಚಿನ ಅಂಚನ್ನು ಉಜ್ಜಿತು. ದನಿ ತಗ್ಗಿತು. "ಇಂಥದ್ದನ್ನ ನನ್ನ ತಮ್ಮ ಗಿರಿರಾಜ್ ಹಚ್ಚಿಕೊಂಡಿದ್ದ. ಸಿಗರೇಟ್ ಬಿಡಾಕ."

ಕಲ್ಮೇಶ್ ಮಂಡಕ್ಕಿಯ ತಟ್ಟೆಯಿಂದ ತಲೆ ಎತ್ತಿದ. ಅಮ್ಮನ ಮುಖ ಸುಣ್ಣದಂತಾಯಿತು.

"ಅಯ್ಯೋ ಇಲ್ಲ ಇಲ್ಲ... ರಕ್ಷಾ, ಸೊಳ್ಳೆದು ಅಂತ ನೀನೇ ಹೇಳೇ!"

ಒಂದು ಸುಳ್ಳು ಸಾಕಿತ್ತು. ಸೊಳ್ಳೆ ಎಂದರೆ ಮುಗಿಯುತ್ತಿತ್ತು. ಆದರೆ ಆ ಹೆಬ್ಬೆರಳು ಇನ್ನೂ ನನ್ನ ತೋಳಿನ ಮೇಲಿತ್ತು. ಎರಡು ದಿನದಿಂದ ಈ ಮನೆಯಲ್ಲಿ ನನ್ನ ಕೆನ್ನೆ, ಕೂದಲು, ತೋಳು ಎಲ್ಲವನ್ನೂ ವಿಚಾರಿಸಿಕೊಂಡಿದ್ದರು. ನೋವಲ್ಲಿ ಕೂರಬೇಡಿ ಎಂದಿದ್ದು ಮಾತ್ರ ಶ್ರೀಗಂಧದ ಕಾವಲಿನಲ್ಲಿ ಕೂತ ಒಬ್ಬ ಬೋಂಡಾ ಬಾಯಿಯವನು.

ತೋಳು ಬಿಡಿಸಿಕೊಂಡೆ. ಕೂದಲನ್ನು ಎರಡೂ ಕೈಯಿಂದ ಹಿಂದಕ್ಕೆ ಎಳೆದು ಗಂಟು ಹಾಕಿದೆ. ಬಲೂನಿನಂಥ ಎಡಗೆನ್ನೆ ಎಲ್ಲರೆದುರು ಬಂತು.

"ಶುಕ್ರವಾರ ಬುದ್ಧಿಹಲ್ಲು ಆಪರೇಷನ್ ಆಯ್ತು ಆಂಟಿ. ಹೌದು, ಆಪರೇಷನ್. ಮೂಳೆ ಕೊರೆದು ತೆಗೆದ್ರು, ನಾಲ್ಕು ಹೊಲಿಗೆ ಹಾಕಿದ್ರು. ಇದು ನೋವಿನ ಪ್ಯಾಚು. ನಿಮ್ಮ ಮಿರ್ಚಿ ತಿನ್ನೋಕೆ ಮುಂಚೆ ನೋವು ಮೂರಿತ್ತು. ಈಗ ಎಂಟು."

"ಎಂಟಾ?" ಎಂದರು ಅಪ್ಪ. ಅವತ್ತು ಅವರು ಆಡಿದ ಮೊದಲ ಮಾತು.

"ಹತ್ತಕ್ಕೆ ಎಂಟು." ನಾನು ಎದ್ದು ಒಳಗೆ ಹೋಗಿ ಬಿಳಿ ಕವರ್ ತಂದೆ. ಎಲ್ಲರ ಮುಂದೆ ಹರಿದೆ. ಪಂದ್ಯ ಸೋತೆ ಎಂದು ಗೊತ್ತಿತ್ತು. ಸೋಲು ಇಷ್ಟು ಹಗುರವಾಗಿರುತ್ತದೆ ಎಂದು ಗೊತ್ತಿರಲಿಲ್ಲ.

ಮಾತ್ರೆಗೆ ನೀರು ಕೊಟ್ಟವನು ಕಲ್ಮೇಶ್. ಲೋಟ ಕೈಗಿಡುತ್ತಾ ಮೆಲ್ಲಗೆ ಹೇಳಿದ, "ನನಗೂ ಎರಡು ಹಲ್ಲು ಕೀಳಿಸೋದಿದೆ. ಹೆದರಿ ಕೂತಿದೀನಿ. ಪ್ಯಾಚು ಎಲ್ಲಿ ಸಿಗುತ್ತೆ?"

ಒಳ್ಳೆಯ ಹುಡುಗ. ಅದಕ್ಕೇ ಅವನಿಗೂ ನಿಜ ಹೇಳಿದೆ. "ಡಾಕ್ಟರ್ ನಂಬರ್ ಕೊಡ್ತೀನಿ. ಆದ್ರೆ ಮದುವೆಗೆ ನಾನು ಒಪ್ಪಲ್ಲ. ನಿಮ್ಮಲ್ಲಿ ತಪ್ಪಿಲ್ಲ. ನನ್ನ ಮನಸ್ಸು ಇಲ್ಲಿಲ್ಲ."

ಅವರು ಹೋದಮೇಲೆ ಅಮ್ಮ ಮಂಡಕ್ಕಿ ಗುಡಿಸುತ್ತಾ ಕೂಗಾಡಿದಳು. "ಇನ್ನೊಂದು ಹಲ್ಲು ಹಾಗೇ ಇರ್ಲಿ! ಒಂದಕ್ಕೇ ಮರ್ಯಾದೆ ಹೋಯ್ತು!"

"ಇನ್ನೊಂದನ್ನೂ ಕೀಳಿಸ್ತೀನಿ. ಡಾಕ್ಟರಿಗೆ ಮಾತು ಕೊಟ್ಟಿದೀನಿ."

ಅಪ್ಪ ಚಪ್ಪಲಿ ಮೆಟ್ಟುತ್ತಾ ಹೇಳಿದರು. "ಆಗ ನಾನು ಜೊತೆಗೆ ಬರ್ತೀನಿ. ಮನಸ್ಸು ಇಲ್ಲಿಲ್ಲ ಅಂದಲ್ಲ, ಎಲ್ಲಿದೆ ಅಂತ ನೋಡ್ಬೇಕು."

* * *

*ನಾನು ಸೋತೆ. ಕವರ್ ಒಡೆದೆ. ಕುಲ್ಫಿ ಎಲ್ಲಿ ಕೊಡಿಸ್ಲಿ?*

ಸೋಮವಾರ ಸಂಜೆ ಮಾರೇನಹಳ್ಳಿಯ ಕುಲ್ಫಿ ಗಾಡಿಯ ಹತ್ತಿರ ಗೌತಮ್ ಮುಂಚೆಯೇ ಬಂದು ನಿಂತಿದ್ದ. ನನ್ನ ಎಡಗೆನ್ನೆ, ಅವನ ಬಲಗೆನ್ನೆ. ಎದುರುಬದುರು ನಿಂತರೆ ಕನ್ನಡಿ ನೋಡಿದಂತಿತ್ತು.

"ಬಾಯಿ ಬಿಟ್ರೆ ಹೀಗಿರ್ತೀರಾ ನೀವು," ಎಂದ.

"ಹೀಗೆ ಅಂದ್ರೆ?"

"ಫೋನಲ್ಲಿ ಇನ್ನೂ ಜಗಳಗಂಟಿ ಥರ ಇದ್ರಿ."

"ಇನ್ನೂ ಪೂರ್ತಿ ಬಾಯಿ ಬಿಡೋಕಾಗ್ತಿಲ್ಲ. ಒಂದು ವಾರ ಕಾಯಿರಿ."

ಕಡ್ಡಿಯಿಂದ ಚೀಪಬಾರದೆಂದು ಡಾಕ್ಟರ್ ಹೇಳಿದ್ದರು. ಚೀಪಿದರೆ ಗಾಯದ ಹೆಪ್ಪು ಕಿತ್ತುಬರುತ್ತದಂತೆ. ಅದಕ್ಕೆ ಕುಲ್ಫಿಯನ್ನು ತಟ್ಟೆಗೆ ಹಾಕಿಸಿಕೊಂಡು ಇಬ್ಬರೂ ಚಮಚದಿಂದ ತಿಂದೆವು, ಅನ್ನಪ್ರಾಶನದ ಮಕ್ಕಳಂತೆ. ನಾನು ಮಿರ್ಚಿ, ಸೊಳ್ಳೆ, ಸಿಗರೇಟು ಎಲ್ಲ ಹೇಳಿದೆ. ಅವನು ನಕ್ಕ, ನೋವಿಗೆ ಕೆನ್ನೆ ಹಿಡಿದುಕೊಂಡ, ಮತ್ತೆ ನಕ್ಕ.

"ರಕ್ಷಾ, ಒಂದು ವಿಷ್ಯ. ನೀವು ಸೋತಿಲ್ಲ."

"ಅಂದ್ರೆ?"

"ನಾನು ಶುಕ್ರವಾರ ಸಂಜೆ ಆರಕ್ಕೇ ಕವರ್ ಒಡೆದೆ."

ನನ್ನ ಚಮಚ ಗಾಳಿಯಲ್ಲಿ ನಿಂತಿತು. "ಪಾರ್ಕಲ್ಲಿ ವಾಕಿಂಗ್?"

"ಮಂಚದಿಂದ ಬಾತ್ರೂಮಿಗೆ ವಾಕಿಂಗ್. ಮಾತ್ರೆ ಮೊದಲು ಚೆನ್ನಾಗೇ ಹಿಡೀತು ರೀ, ಆಮೇಲೆ ಹೊಟ್ಟೆ ಉರಿ. ಮುಂದಿನ ಡೋಸ್ ತಗೊಳೋಕೆ ಭಯ ಆಗಿ ಬಿಟ್ಟೆ. ಆಗ ಬಂತು ನೋಡಿ ನೋವು, ಆರು ಜನ ಒಟ್ಟಿಗೆ ಮೇಲೆ ಬಿದ್ದಂಗೆ. ಶೀಟಲ್ಲಿ ಒಂದು ಅಂತ ಬರೆದಿದೀನಿ."

"ನಾನು ಎರಡು ಅಂತ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಡಾಕ್ಟರ್ ಒಬ್ಬರ ಮೂರು ವರ್ಷದ ಓದಿಗೆ ನಾವು ಸುಳ್ಳು ಬರೆದಿದ್ದೆವು. ಅದೂ ಯಾರನ್ನು ಮೆಚ್ಚಿಸಲು? ಎದುರಿಗೆ ಕುಲ್ಫಿ ತಿನ್ನುತ್ತಿರುವವರನ್ನು!

"ಹೋಗಿ ಹೇಳ್ಬೇಕು," ಎಂದೆ.

"ಹೇಳೋಣ. ಅದಕ್ಕೂ ಮುಂಚೆ ನಿಮಗೊಂದು ಹೇಳ್ಬೇಕು." ಅವನು ತಟ್ಟೆಯನ್ನು ಗಾಡಿಯ ಮೇಲಿಟ್ಟ. ಕಿವಿ ಕೆಂಪಾಗಿತ್ತು. "ಕಬಡ್ಡೀಲಿ ರೇಡ್‌ಗೆ ಹೋದ್ರೆ ವಾಪಸ್ ಬರೋ ದಾರಿ ನೋಡ್ಕೊಂಡೇ ಹೋಗು ಅಂತ ಹುಡುಗರಿಗೆ ಹೇಳ್ಕೊಡ್ತೀನಿ. ನಾನೇ ಈಗ ನೋಡ್ಕೊಂಡಿಲ್ಲ. ನಮ್ಮನೇಲಿ ಭಾನುವಾರ ಅಂದ್ರೆ ಮಟನ್. ನಿಮ್ಮನೇಲಿ ಮೊಟ್ಟೆ ಅಂದ್ರೂ ಹೊಸ್ತಿಲು ತೊಳೀತಾರೆ. ಎಲ್ಲಾ ಗೊತ್ತು. ಗೊತ್ತಿದ್ದೂ ಶನಿವಾರ ನಾಲ್ಕು ಸಲ ಟೈಪ್ ಮಾಡಿ ನಾಲ್ಕು ಸಲ ಅಳಿಸ್ದೆ. ಆಲ್ ದ ಬೆಸ್ಟ್ ಅಂತ ಕಳಿಸ್ದೆ, ಹೇಡಿ ಥರ."

"ನಾಲ್ಕು ಸಲ ಏನ್ ಟೈಪ್ ಮಾಡಿದ್ರಿ?"

"ಹೋಗಬೇಡಿ ಅಂತ."

ಗಾಡಿಯವನು ಗಂಟೆ ಅಲ್ಲಾಡಿಸಿದ. ನಾನು ಗೌತಮ್‌ನ ಕಣ್ಣಿನಿಂದ ತಪ್ಪಿಸಿಕೊಳ್ಳಲು ಅವನ ಗಲ್ಲ ನೋಡಿದೆ. ಗಲ್ಲದ ಮೇಲೆ ಕುಲ್ಫಿಯ ಒಂದು ಹನಿ. ಬೆರಳಿನಿಂದ ಒರೆಸಿದೆ. ಅಲ್ಲಿ ಇನ್ನೂ ಸ್ವಲ್ಪ ಮರಗಟ್ಟಿದೆ ಎಂದು ಅವನು ಆಮೇಲೆ ಹೇಳಿದ. ಆದರೆ ಅವತ್ತು ಅವನು ಉಸಿರು ಹಿಡಿದಿದ್ದನ್ನು ನಾನು ನೋಡಿದ್ದೇನೆ.

"ನಾನು ಎಲ್ಲಿಗೂ ಹೋಗಿಲ್ಲ ಕಣೋ," ಎಂದೆ. ಬಹುವಚನ ಅಲ್ಲಿಗೆ ಮುಗಿಯಿತು.

* * *

ಹೊಲಿಗೆ ಬಿಚ್ಚುವ ದಿನ ಡಾಕ್ಟರ್ ರಾಗಿಣಿ ಎರಡೂ ಶೀಟುಗಳನ್ನು ಮೇಜಿನ ಮೇಲೆ ಇಟ್ಟು ನಮ್ಮ ತಪ್ಪೊಪ್ಪಿಗೆ ಕೇಳಿದರು. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ನಿಮ್ಮಿಬ್ರ ಲವ್ ಸ್ಟೋರಿಗೆ ನನ್ನ ಥೀಸಿಸ್ಸೇ ಬೇಕಿತ್ತಾ?"

"ಸಾರಿ ಮೇಡಂ. ನಿಜವಾದ ನಂಬರ್ ಈಗ ಬರ್ಕೊಡ್ತೀವಿ," ಎಂದ ಗೌತಮ್.

"ನೆನಪಿನ ನೋವು ಬೇಡಪ್ಪಾ ನಂಗೆ. ಆವಾಗಿನ ನೋವು ಬೇಕು. ಏನಾಯ್ತು ಅಂತ ಬರ್ದು ನಮ್ಮ ಗೈಡ್‌ಗೆ ಕೊಡ್ತೀನಿ, ಸೇರಿಸ್ಬೇಕೋ ತೆಗೀಬೇಕೋ ಅವರು ನೋಡ್ಲಿ." ಅವರು ನಮ್ಮನ್ನು ದಿಟ್ಟಿಸಿದರು. "ಪ್ಯಾಚು ಒಳ್ಳೇದಾ, ಮಾತ್ರೆ ಒಳ್ಳೇದಾ ಅಂತ ನೋಡ್ತಾ ಇದೀನಿ ನಾನು. ನೋವು ಅಳೆಯೋ ಮಿಷನ್ ಇಲ್ಲ, ನಾಡಿ ನೋಡಿದ್ರೂ ಗೊತ್ತಾಗಲ್ಲ. ನೀವು ಬಾಯಿ ಬಿಟ್ಟು ಹೇಳಿದ್ದೇ ನಂಗೆ ಪ್ರೂಫ್. ಎರಡನೇ ಹಲ್ಲಿಗೆ ಎಷ್ಟಿದೆಯೋ ಅಷ್ಟು ಹೇಳ್ತೀರಾ?"

"ಹೇಳ್ತೀವಿ," ಎಂದೆವು, ಒಟ್ಟಿಗೆ.

* * *

ಎರಡನೇ ಹಲ್ಲಿಗೆ ಅಪ್ಪ ಬಂದರು. ಇಸ್ತ್ರಿ ಮಾಡಿದ ಶರಟು, ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ನನ್ನ ಫೈಲು.

ಬಲಗಡೆಯ ಹಲ್ಲು ಹಟಮಾರಿ. ಪೂರ್ತಿ ಅಡ್ಡ ಮಲಗಿತ್ತು. ಒಂದೂವರೆ ಗಂಟೆ ಹಿಡಿಯಿತು. ನಾನು ನೀಲಿ ಕುರ್ಚಿಗೆ ಬರುವ ಹೊತ್ತಿಗೆ ಇಂಜೆಕ್ಷನ್ ಆಗಲೇ ಇಳಿಯತೊಡಗಿತ್ತು. ಈ ಸಲ ನನಗೆ ಮಾತ್ರೆ. ಹತ್ತಿ ತೆಗೆಯುವವರೆಗೂ ಅದನ್ನು ನುಂಗುವಂತಿಲ್ಲ. ಪಕ್ಕದ ಕುರ್ಚಿಯಲ್ಲಿ ಗೌತಮ್, ತೋಳಿನ ಮೇಲೆ ಪ್ಯಾಚು, ಬಾಯಲ್ಲಿ ಹತ್ತಿ.

ಅವನು ಕೈ ಚಾಚಿದ. ಬಾಗಿಲಲ್ಲಿ ಅಪ್ಪನ ಚಪ್ಪಲಿಯ ಸದ್ದು ಕೇಳಿತು. ಕೈ ಹಿಂದಕ್ಕೆ ಹೋಗಲು ಹೊರಟಿತು. ನಾನು ಹಿಡಿದುಕೊಂಡೆ.

ಅಪ್ಪ ಒಳಗೆ ಬಂದರು. ನನ್ನ ಬಲಗೈ ಯಾರ ಎಡಗೈಯೊಳಗಿದೆ ಎಂದು ನೋಡಿದರು. ಸ್ಟೂಲ್ ಎಳೆದುಕೊಂಡು ಎದುರಿಗೆ ಕೂತರು. ನಮ್ಮ ಕಡೆಯ ಹಿರಿಯರಿಗೆ ಇಂಥ ಹೊತ್ತಿನಲ್ಲಿ ಬರುವುದು ಒಂದೇ ಪ್ರಶ್ನೆ.

"ಯಾರ ಪೈಕಿಯಪ್ಪಾ ನೀವು?"

ಗೌತಮ್ ಹತ್ತಿ ಕಚ್ಚಿಕೊಂಡು ಅಪ್ಪನನ್ನೇ ನೋಡಿದ. ಉತ್ತರ ಕೊಡುವಂತಿಲ್ಲ. ತಪ್ಪಿಸಿಕೊಳ್ಳುವಂತೆಯೂ ಇಲ್ಲ.

ನಾನು ಎಡಗೈಯಿಂದ ಫೋನ್ ತೆಗೆದೆ. ಒಂದೇ ಹೆಬ್ಬೆರಳು. ಆದರೂ ನನ್ನ ಬದುಕಿನಲ್ಲಿ ಅಷ್ಟು ವೇಗವಾಗಿ ನಾನು ಟೈಪ್ ಮಾಡಿಲ್ಲ.

*ಅಪ್ಪ, ಇವನು ಗೌತಮ್. ಶ್ರೀಗಂಧದ ಕಾವಲ್ ಕೆಂಚಪ್ಪನವರ ಮೊಮ್ಮಗ. ಸ್ಕೂಲಲ್ಲಿ ಕಬಡ್ಡಿ ಹೇಳ್ಕೊಡ್ತಾನೆ. ನಮ್ಮವರಲ್ಲ. ನನ್ನವನು. ನೀವು ಕೇಳಿದ್ರಲ್ಲ ಮನಸ್ಸು ಎಲ್ಲಿದೆ ಅಂತ, ಇಲ್ಲಿದೆ. ಬೈಯೋದಾದ್ರೆ ಈಗಲೇ ಬೈಯಿರಿ. ಒಂದು ಗಂಟೆ ನಾವಿಬ್ಬರೂ ತಿರುಗಿ ಮಾತಾಡೋ ಹಾಗಿಲ್ಲ. ಆದ್ರೆ ಕೈ ಬಿಡಲ್ಲ.*

ಅಪ್ಪ ಫೋನನ್ನು ತೋಳಿನಷ್ಟು ದೂರ ಹಿಡಿದು ಓದಿದರು. ಹತ್ತಿರ ತಂದು ಮತ್ತೆ ಓದಿದರು. ಗಡಿಯಾರ ನೋಡಿದರು. ಎದುರು ಮಾತಾಡದ ಮಗಳನ್ನು ಬೈದು ಅವರಿಗೂ ಅಭ್ಯಾಸವಿರಲಿಲ್ಲ.

ಐದು ನಿಮಿಷ ಕಳೆಯಿತು. ಹತ್ತಾಯಿತು. ಗೌತಮ್ ಕಣ್ಣು ತಗ್ಗಿಸಲಿಲ್ಲ. ನಾನೂ ತಗ್ಗಿಸಲಿಲ್ಲ. ಅಷ್ಟರಲ್ಲಿ ದವಡೆಯೊಳಗೆ ಬೋರ್‌ವೆಲ್ ಗಾಡಿ ಬಂದು ನಿಂತಿತು. ನನಗೆ ಗೊತ್ತಿಲ್ಲದೆಯೇ ಬಲಗಣ್ಣಿನಿಂದ ಒಂದು ಹನಿ ಜಾರಿತು.

ಅಪ್ಪ ಮುಂದಕ್ಕೆ ಬಾಗಿದರು. ಫೋನನ್ನು ನನ್ನ ಮಡಿಲಲ್ಲಿಟ್ಟರು. ನಮ್ಮ ಮನೆಯಲ್ಲಿ ಇಪ್ಪತ್ತಾರು ವರ್ಷ ಯಾರೂ ಕೇಳದ ಪ್ರಶ್ನೆ ಕೇಳಿದರು.

"ನೋವು ಎಷ್ಟಿದೆ ಮಗಳೇ?"

ಎರಡು ಎನ್ನಬಹುದಿತ್ತು. ತಡ್ಕೋತೀನಿ ಎಂದು ತಲೆಯಾಡಿಸಬಹುದಿತ್ತು. ಆದರೆ ನಿಜ ಹೇಳುತ್ತೇನೆಂದು ಡಾಕ್ಟರಿಗೆ ಮಾತು ಕೊಟ್ಟಿದ್ದೆ. ನನಗೂ ಕೊಟ್ಟುಕೊಂಡಿದ್ದೆ. ನೋವು ಏಳಿತ್ತು. ಏಳು ತೋರಿಸಲು ಎರಡು ಕೈ ಬೇಕು. ನನ್ನ ಬಲಗೈ ಖಾಲಿ ಇರಲಿಲ್ಲ.

ಎಡಗೈಯ ಐದೂ ಬೆರಳು ಬಿಡಿಸಿ ಎತ್ತಿದೆ. ಸಾಲದು ಎಂದು ತಲೆಯಲ್ಲಾಡಿಸುತ್ತಾ ಗೌತಮ್‌ನ ಅಂಗೈಯೊಳಗೆ ಹೆಬ್ಬೆರಳಿನಿಂದ ಎರಡು ಸಲ ಒತ್ತಿದೆ.

ಅವನು ತನ್ನ ಇನ್ನೊಂದು ಕೈ ಎತ್ತಿ, ನನ್ನ ಐದು ಬೆರಳುಗಳ ಪಕ್ಕದಲ್ಲಿ ಎರಡು ಬೆರಳು ಹಿಡಿದ.

ಅಪ್ಪ ಎಣಿಸಿದರು. ಯಾವುದು ಯಾರ ಬೆರಳು ಎಂದು ನೋಡಿದರು. ಮತ್ತೆ ಮೊದಲಿನಿಂದ ಎಣಿಸಿದರು, ಒಂದನ್ನೂ ಬಿಡದೆ.

"ಏಳಾ?" ಎಂದು ಧಡಕ್ಕನೆ ಎದ್ದರು. "ಏಳು ಅಂದ್ರೆ ಜಾಸ್ತಿ ಆಯ್ತಲ್ಲ. ಇರಿ, ಡಾಕ್ಟರನ್ನ ಕರೀತೀನಿ."

ಬಾಗಿಲಲ್ಲಿ ನಿಂತು ಒಮ್ಮೆ ತಿರುಗಿದರು. ನಮ್ಮ ಕೈಗಳನ್ನು ನೋಡಿದರು.

ನಾವು ಬಿಡಲಿಲ್ಲ. ಅವರೂ ಬಿಡಿ ಎನ್ನಲಿಲ್ಲ.